ಪಟ್ಟಿಯಲ್ಲಿ ಹೆಸರಿಲ್ಲದವರ ನೋವು



ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನಿಗೆ ವಾರದ ಕೊನೆಗೆ ಕೂಲಿ ಇಲ್ಲ. ಅವನು ಆರು ದಿನವೂ ಬೆನ್ನು ಬಾಗಿಸಿ ದುಡಿದಿರಬಹುದು. ಅಕ್ಕಪಕ್ಕದವರು ಅದನ್ನು ಕಣ್ಣಾರೆ ಕಂಡಿರಬಹುದು. ಆದರೂ ಮೇಸ್ತ್ರಿ ಹೆಸರು ಬರೆಯದಿದ್ದರೆ ಆ ದುಡಿಮೆ ನಡೆದೇ ಇಲ್ಲವೆಂದು ಲೆಕ್ಕ. ಕೂಲಿಕಾರರಾದ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಎಂಡೋಸಲ್ಫಾನ್ ವಿಷಕ್ಕೆ ಸಿಕ್ಕಿದವರ ಪಾಡೂ ಇದೇ ಆಗಿದೆ. ನೋವು ಮೈಯಲ್ಲಿದೆ, ಕಾಗದದಲ್ಲಿಲ್ಲ. ಕಾಗದದಲ್ಲಿ ಇಲ್ಲದ ನೋವಿಗೆ ಸರ್ಕಾರದ ಮನೆಯಲ್ಲಿ ಬೆಲೆಯಿಲ್ಲ.

ಈ ವಿಷಯದಲ್ಲಿ ಈಗಾಗಲೇ ಬಹಳ ಬರೆಯಲಾಗಿದೆ. ಚಿತ್ರಗಳು ಬಂದಿವೆ, ಭಾಷಣಗಳು ಆಗಿವೆ. ಆದರೆ ಅವುಗಳಲ್ಲೆಲ್ಲ ನಾವು ಕಾಣುವುದು ಮಕ್ಕಳನ್ನು. ತಲೆ ದೊಡ್ಡದಾದ ಕೂಸು, ತಾಯಿಯ ಮಡಿಲಲ್ಲಿ ಮಲಗಿದ ಹುಡುಗಿ. ಆ ಕೂಸುಗಳಲ್ಲಿ ಬದುಕಿ ಉಳಿದವರಿಗೆ ಈಗ ಮೂವತ್ತು, ನಲವತ್ತು ವರ್ಷ. ಮಡಿಲಲ್ಲಿ ಮಲಗಿಸಿಕೊಂಡ ತಾಯಿಗೆ ಅರವತ್ತು ದಾಟಿದೆ. ಮಗುವಿಗೆ ಕನಿಕರ ತೋರಿದ ಸಮಾಜ ಅದೇ ಮಗು ದೊಡ್ಡವನಾದಾಗ ಅವನನ್ನು ಯಾವ ಹೆಸರಿನಿಂದ ಗುರುತಿಸುತ್ತದೆ? ಈ ಪ್ರಶ್ನೆಯನ್ನು ನಾವೆಲ್ಲರೂ ಯೋಚಿಸಬೇಕಾಗಿದೆ.

ನಡೆದದ್ದೇನು?

ಗೊತ್ತಿರುವವರಿಗೂ ಒಮ್ಮೆ ನೆನಪಿಸುವುದು ಒಳ್ಳೆಯದು. ಕೇರಳ ಸರ್ಕಾರದ ಒಡೆತನದ ಪ್ಲಾಂಟೇಶನ್ ಕಾರ್ಪೊರೇಶನ್ ನಮ್ಮ ಗುಡ್ಡಗಳಲ್ಲಿ ಸುಮಾರು 4,700 ಹೆಕ್ಟೇರು ಗೇರು ತೋಟ ಬೆಳೆಸಿತು. ಗೇರಿನ ಚಿಗುರಿಗೆ ಬೀಳುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ತೋಟದ ಕೆಳಗೆ ಮನೆಗಳಿದ್ದವು, ಶಾಲೆಗಳಿದ್ದವು. ನಮ್ಮ ಕಡೆ ಕುಡಿಯುವ ನೀರು ಬರುವುದು ಗುಡ್ಡದ ಸುರಂಗದಿಂದ, ತೋಡಿನಿಂದ, ತೆರೆದ ಬಾವಿಯಿಂದ. ಬಾವಿಗೆ ಮುಚ್ಚಿಗೆ ಹಾಕಬಹುದು; ತೋಡಿಗೆ ಯಾರು ಮುಚ್ಚಿಗೆ ಹಾಕುತ್ತಾರೆ?

ಕರುಗಳು ಕಾಲು ಸೊಟ್ಟಗಾಗಿ ಹುಟ್ಟುವುದನ್ನು ಕಂಡು ಮೊದಲು ಎಚ್ಚರಿಸಿದವರು ಕೃಷಿಕ ಪತ್ರಕರ್ತ ಶ್ರೀ ಪಡ್ರೆಯವರು. ಎಣ್ಮಕಜೆ ಪಂಚಾಯತಿನ ವಾಣೀನಗರದಲ್ಲಿ ಸಣ್ಣ ಚಿಕಿತ್ಸಾಲಯ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರರು ಒಂದೇ ಊರಿನಲ್ಲಿ ಇಷ್ಟೊಂದು ಬುದ್ಧಿಮಾಂದ್ಯತೆ, ಅಪಸ್ಮಾರ, ಕ್ಯಾನ್ಸರ್ ಏಕೆಂದು ಕೇಳಿದರು. ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮನವರು 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯಕ್ಕೆ ಹೋಗಿ ಸಿಂಪಡಣೆಗೆ ತಡೆ ತಂದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಶಾಲಾ ಮಕ್ಕಳನ್ನು ವಿಷ ಬೀಳದ ಮೀಂಜದ ಮಕ್ಕಳೊಡನೆ ಹೋಲಿಸಿ ನೋಡಿದರು. ಪಡ್ರೆಯ ಹುಡುಗರ ಬೆಳವಣಿಗೆಯಲ್ಲಿ ಕುಂದು ಕಂಡದ್ದನ್ನು 2003ರಲ್ಲಿ ಪ್ರಕಟಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ಈ ವಿಷದ ತಯಾರಿಕೆ ಮತ್ತು ಮಾರಾಟಕ್ಕೆ ತಡೆ ಹಾಕಿತು.

ವಿಷ ನಿಂತಿತು, ಸರಿ. ಆಮೇಲೆ ಆರಂಭವಾದದ್ದು ಪಟ್ಟಿಯ ಕಾಲ.

ಪಟ್ಟಿ ಎಂಬ ಬಾಗಿಲು

ಯಾರು ವಿಷಪೀಡಿತರು, ಯಾರು ಅಲ್ಲ ಎಂದು ತೀರ್ಮಾನಿಸಲು ಸರ್ಕಾರ ವೈದ್ಯಕೀಯ ಶಿಬಿರಗಳನ್ನು ನಡೆಸಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಮೊದಲಾಗಿ 11 ಪಂಚಾಯತುಗಳನ್ನು ಬಾಧಿತವೆಂದು ಗುರುತಿಸಿತು. ಪಟ್ಟಿಯಲ್ಲಿ ಹೆಸರು ಬಂದವರಿಗೆ ಮಾಸಾಶನ, ನಿಗದಿತ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ, ಪರಿಹಾರ ಧನ. ಬಾರದವರಿಗೆ ಏನೂ ಇಲ್ಲ.

2010ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು, ಸತ್ತವರ ಕುಟುಂಬಕ್ಕೂ ಹಾಸಿಗೆ ಹಿಡಿದವರಿಗೂ ಬುದ್ಧಿಮಾಂದ್ಯರಿಗೂ 5 ಲಕ್ಷ ರೂಪಾಯಿ, ಬೇರೆ ವಿಧದ ಅಂಗವಿಕಲರಿಗೆ 3 ಲಕ್ಷ ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿತು. 2017ರ ಜನವರಿ 10ರಂದು ಸುಪ್ರೀಂ ಕೋರ್ಟು ಎಲ್ಲ ಪೀಡಿತರಿಗೂ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಲು ಆಜ್ಞಾಪಿಸಿತು. ಮೂರು ತಿಂಗಳು ಐದು ವರ್ಷವಾಯಿತು. 2022ರ ಮೇ 13ರಂದು ಅದೇ ನ್ಯಾಯಾಲಯ ನೋಡುವಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ ಮಾತ್ರ. ಅವರು ಯಾರು? ನ್ಯಾಯಾಲಯ ನಿಂದನೆಯ ಅರ್ಜಿ ಹಾಕಿದವರು. ಕೇಳಿದವನಿಗೆ ಸಿಕ್ಕಿತು, ಕೇಳಲು ಬಾಯಿಲ್ಲದವನಿಗೆ ಸಿಗಲಿಲ್ಲ. ಹಾಸಿಗೆ ಹಿಡಿದ 102 ಮಂದಿ, ಬುದ್ಧಿಮಾಂದ್ಯರಾದ 326 ಮಂದಿ ಆ ಲೆಕ್ಕದಲ್ಲಿದ್ದರು. ಇವರು ವಕೀಲರನ್ನು ಹುಡುಕಿಕೊಂಡು ದೆಹಲಿಗೆ ಹೋಗುವವರೇ? ನ್ಯಾಯಾಲಯ ಗದರಿಸಿದ ಮೇಲೆಯೇ ಉಳಿದವರ ಹಣ ಚುರುಕಾಗಿ ಹೊರಟಿತು.

ಇದು ಪಟ್ಟಿಯ ಒಳಗಿದ್ದವರ ಕಥೆ. ಹೊರಗಿದ್ದವರ ಕಥೆ ಇನ್ನೂ ಕಠಿಣವಾದದ್ದು. 2017ರ ಶಿಬಿರದ ಬಳಿಕ ಮನೆ ಮನೆ ವಿಚಾರಣೆ ನಡೆದು 1,905 ಮಂದಿಯ ಹೆಸರು ತಯಾರಾಯಿತು. ಅಂತಿಮ ಪಟ್ಟಿ ಹೊರಬಂದಾಗ ಅದರಲ್ಲಿದ್ದದ್ದು 287 ಹೆಸರು. ಜನ ಕೂಗಾಡಿದ ಮೇಲೆ ಇನ್ನೂ 76 ಸೇರಿತು. 2019ರ ಜನವರಿ ಕೊನೆಯಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರಕ್ಕೆ ಹೋಗಿ ಸೆಕ್ರೆಟೇರಿಯಟ್ ಮುಂದೆ ಕುಳಿತರು. ಆಗ ಹದಿನೆಂಟು ವರ್ಷದ ಕೆಳಗಿದ್ದ 511 ಮಂದಿಯನ್ನು ಸೇರಿಸಲಾಯಿತು. ಕೂಡಿಸಿ ಕಳೆದು ನೋಡಿರಿ: ಉಳಿದವರು 1,031. ಇವರ ಹೆಸರಿನಲ್ಲಿ 2024ರಲ್ಲೂ ಧರಣಿ ಕೂರಬೇಕಾಯಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಒಂದೇ ಶಿಬಿರ, ಒಂದೇ ವಿಚಾರಣೆ, ಒಂದೇ ತೋಡಿನ ನೀರು. ಆದರೂ ಹದಿನೆಂಟರ ಕೆಳಗಿದ್ದವರು ಒಳಗಾದರು, ಮೇಲಿದ್ದವರು ಹೊರಗುಳಿದರು. ಮಕ್ಕಳನ್ನು ಸೇರಿಸಿದ್ದು ಒಳ್ಳೆಯದೇ. ಅದರಲ್ಲಿ ಯಾರಿಗೂ ಹೊಟ್ಟೆಕಿಚ್ಚಿಲ್ಲ. ಆದರೆ ವಿಷ ವಯಸ್ಸು ಕೇಳಿ ಒಳಗೆ ಇಳಿದಿರಲಿಲ್ಲ. ಹೆಲಿಕಾಪ್ಟರ್ ಹಾರಾಡಿದ ವರ್ಷಗಳಲ್ಲಿ ಗರ್ಭದಲ್ಲಿದ್ದವರು, ಅಂಗಳದಲ್ಲಿ ಆಡುತ್ತಿದ್ದವರು ಈಗಿನ ವಯಸ್ಕರೇ ಅಲ್ಲವೇ? ಹೆಚ್ಚು ವಿಷ ಕುಡಿದವರನ್ನು ಹೊರಗೆ ನಿಲ್ಲಿಸಿದ ಲೆಕ್ಕ ಇದು.

ಇನ್ನೊಂದು ಗೆರೆಯನ್ನೂ ಎಳೆಯಲಾಗಿದೆ. ಕೇರಳದಲ್ಲಿ ಈ ವಿಷವನ್ನು 2005ರ ಅಕ್ಟೋಬರ್ 25ರಂದು ನಿಷೇಧಿಸಿದ್ದು, ಅದರ ಪರಿಣಾಮ ಆರು ವರ್ಷ ಉಳಿಯಬಹುದು, ಆದುದರಿಂದ 2011ರ ಅಕ್ಟೋಬರ್ 25ರ ಬಳಿಕ ಹುಟ್ಟಿದವರು ಪೀಡಿತರಲ್ಲ ಎಂಬುದೇ ಆ ಗೆರೆ. 24ರಂದು ಹುಟ್ಟಿದವನು ಪೀಡಿತ, 26ರಂದು ಹುಟ್ಟಿದವನು ಅಲ್ಲ! ವಿಷ ಕುಡಿದ ತಾಯಿ ಇಬ್ಬರಿಗೂ ಒಬ್ಬಳೇ ಆಗಿದ್ದರೂ ಹೀಗೆಯೇ.

ಒಂದೇ ದೇಹಕ್ಕೆ ಮೂರು ಕಾಗದ

ಸಂಘದ ಕೆಲಸವೆಂದು, ಧರ್ಮಕೇಂದ್ರದ ಕೆಲಸವೆಂದು ಮನೆಗಳಿಗೆ ಹೋಗುವ ನಮಗೆ ಎಲ್ಲ ಕಡೆಯೂ ಒಂದೇ ವಸ್ತು ಕಾಣಸಿಗುತ್ತದೆ. ಗೋಡೆಯ ಮೊಳೆಗೆ ತೂಗುಹಾಕಿದ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಶಿಬಿರದ ಚೀಟಿ, ಆಸ್ಪತ್ರೆಯ ಹಳೆಯ ಚೀಟಿ, ರೇಷನ್ ಕಾರ್ಡಿನ ಪ್ರತಿ, ಎಂದೋ ಕೊಟ್ಟ ಅರ್ಜಿಯ ರಶೀದಿ. ಮನೆಯವರಿಗೆ ಅದರಲ್ಲಿ ಯಾವುದು ಯಾವುದಕ್ಕೆಂದು ತಿಳಿಯದು. ಆದರೆ ಒಂದನ್ನೂ ಬಿಸಾಡುವುದಿಲ್ಲ. ಆದುದರಿಂದ ಅವುಗಳನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ಮೊದಲನೆಯದು ವಿಷಪೀಡಿತರ ಪಟ್ಟಿ. ಇದು ಕೇಳುವ ಪ್ರಶ್ನೆ 'ಯಾತರಿಂದ?' ಎಂಬುದು. ಈ ರೋಗ ಎಂಡೋಸಲ್ಫಾನಿನಿಂದಲೇ ಬಂತೇ ಎಂದು ವೈದ್ಯರು ನಿರ್ಣಯಿಸುತ್ತಾರೆ.

ಎರಡನೆಯದು ಅಂಗವೈಕಲ್ಯದ ಪ್ರಮಾಣಪತ್ರ. ಇದು 2016ರ ವಿಕಲಚೇತನರ ಹಕ್ಕುಗಳ ಕಾನೂನಿನ ಪ್ರಕಾರ ಸಿಗುವಂಥದು. 1995ರ ಹಳೆಯ ಕಾನೂನಿನಲ್ಲಿ 7 ವಿಧದ ವೈಕಲ್ಯ ಮಾತ್ರ ಇತ್ತು. ಹೊಸದರಲ್ಲಿ 21 ಇವೆ. ಇದು ಕೇಳುವುದು 'ಎಷ್ಟು?' ಎಂದು ಮಾತ್ರ. ನೂರಕ್ಕೆ 40 ಅಥವಾ ಹೆಚ್ಚು ಎಂದು ವೈದ್ಯಕೀಯ ಮಂಡಳಿ ಬರೆದರೆ ಮೀಸಲಾತಿ, ಮಾಸಾಶನ ಮುಂತಾದ ಬಾಗಿಲುಗಳು ತೆರೆಯುತ್ತವೆ. ಈಗ ಇದಕ್ಕೆ ಯು.ಡಿ.ಐ.ಡಿ. ಎಂಬ ಒಂದೇ ಕಾರ್ಡು ದೇಶಕ್ಕೆಲ್ಲ ಇದೆ. ಕಾರಣ ಯಾವುದಾದರೂ ಆಗಲಿ, ಈ ಕಾನೂನಿಗೆ ಅದು ಬೇಕಾಗಿಲ್ಲ.

ಮೂರನೆಯದು ಪೋಷಕತ್ವದ ಆದೇಶ. ಇದನ್ನು ನಮ್ಮ ಜನ ಅರಿತಿರುವುದು ಬಹಳ ಕಡಿಮೆ. ಮಗನಿಗೆ ಹದಿನೆಂಟು ತುಂಬಿದ ದಿನ ಕಾನೂನು ಅವನನ್ನು ಸ್ವತಂತ್ರ ವ್ಯಕ್ತಿ ಎನ್ನುತ್ತದೆ. ಅವನಿಗೆ ಮಾತು ಬರದಿರಬಹುದು, ಸಹಿ ಹಾಕಲು ಬಾರದಿರಬಹುದು. ಆದರೂ ತಾಯಿ ಆ ದಿನದಿಂದ ಕಾನೂನಿನ ಪ್ರಕಾರ ಅವನ ಪೋಷಕಳಲ್ಲ. ಅವನ ಹೆಸರಿಗೆ ಬಂದ ಹಣವನ್ನು ಅವಳು ತೆಗೆಯುವಂತಿಲ್ಲ. ನಮಗೆ ತಿಳಿದ ಒಂದು ಮನೆಯಲ್ಲಿ ಮೂವತ್ತು ವರ್ಷ ಬಾಯಿಗೆ ಗಂಜಿ ಹಾಕಿದ ತಾಯಿಯನ್ನು ಬ್ಯಾಂಕಿನ ಮೇಜಿನ ಮುಂದೆ 'ನೀವು ಅವರಿಗೆ ಯಾರು?' ಎಂದು ಕೇಳಿದರು. ಕೇಳಿದವರು ತಮ್ಮ ನಿಯಮ ಪಾಲಿಸಿದರು, ಅಷ್ಟೇ. ಉತ್ತರ ಕೊಡುವ ಕಾಗದ ಆ ತಾಯಿಯ ಚೀಲದಲ್ಲಿರಲಿಲ್ಲ.

ಈ ಕಾಗದಕ್ಕೆ ದಾರಿ 1999ರ ರಾಷ್ಟ್ರೀಯ ನ್ಯಾಸ ಕಾನೂನಿನಲ್ಲಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ ಇವುಗಳಿಗೆ ಈ ಕಾನೂನು ಅನ್ವಯಿಸುತ್ತದೆ. ಜಿಲ್ಲೆಯಲ್ಲಿ ಕಲೆಕ್ಟರರ ಮಟ್ಟದ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಸ್ವತಃ ಅಂಗವಿಕಲರಾದ ಒಬ್ಬರು, ಈ ಮೂವರ ಸ್ಥಳೀಯ ಸಮಿತಿ ಇರುತ್ತದೆ. ತಂದೆತಾಯಿ ಅಥವಾ ಸಂಬಂಧಿಕರು ಅರ್ಜಿ ಕೊಟ್ಟರೆ ಸಮಿತಿ ವಿಚಾರಿಸಿ ಪೋಷಕರನ್ನು ನೇಮಿಸುತ್ತದೆ. ನ್ಯಾಯಾಲಯಕ್ಕೆ ಅಲೆಯಬೇಕಾಗಿಲ್ಲ.

ಈ ಮೂರು ಕಾಗದಗಳೂ ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲ. ಕ್ಯಾನ್ಸರ್ ಬಂದವರು ವಿಷಪೀಡಿತರ ಪಟ್ಟಿಯಲ್ಲಿರಬಹುದು, ಆದರೆ ವೈಕಲ್ಯದ ಕಾನೂನಿನ 21ರಲ್ಲಿ ಕ್ಯಾನ್ಸರ್ ಇಲ್ಲ. ನೂರಕ್ಕೆ 80 ವೈಕಲ್ಯದ ಕಾರ್ಡು ಇದ್ದವನ ಹೆಸರು ವಿಷಪೀಡಿತರ ಪಟ್ಟಿಯಲ್ಲಿ ಇಲ್ಲದಿರಬಹುದು. ಎರಡೂ ಇದ್ದು ಪೋಷಕತ್ವದ ಆದೇಶವಿಲ್ಲದೆ ಹಣ ಬ್ಯಾಂಕಿನಲ್ಲೇ ಉಳಿಯಬಹುದು. ಒಂದೊಂದು ಕಾಗದಕ್ಕೂ ಒಂದೊಂದು ಕಚೇರಿ, ಒಂದೊಂದು ಜೀಪಿನ ಬಾಡಿಗೆ, ಒಂದೊಂದು ದಿನದ ಕೂಲಿ ನಷ್ಟ. ಬೀಡಿ ಕಟ್ಟುವ ತಾಯಿ ಆ ದಿನ ಎಲೆ ಮುಟ್ಟುವುದಿಲ್ಲ; ಅಡಿಕೆ ಸುಲಿಯುವ ತಂದೆ ಆ ದಿನ ಕೆಲಸಕ್ಕಿಲ್ಲ. ಬೆಳೆದ ಗಂಡಾಳನ್ನು ಹೆಗಲ ಮೇಲೆ ಹೊತ್ತು ಗುಡ್ಡ ಇಳಿಯುವುದು ಕೂಸನ್ನು ಎತ್ತಿಕೊಂಡು ಹೋದಷ್ಟು ಹಗುರವೂ ಅಲ್ಲ.

ಆಕ್ಷೇಪಕ್ಕೆ ಉತ್ತರ

ಇದಕ್ಕೆ ಅಧಿಕಾರಿಗಳು ಹೇಳುವ ಮಾತನ್ನೂ ನ್ಯಾಯವಾಗಿ ಕೇಳೋಣ. ಸಾರ್ವಜನಿಕರ ಹಣ, ಅನರ್ಹರು ನುಸುಳಬಾರದು, ಪ್ರತಿಯೊಂದು ರೋಗವನ್ನೂ ವಿಷಕ್ಕೆ ಕಟ್ಟಲಾಗದು ಎನ್ನುತ್ತಾರೆ. ರೋಗಗಳಿಗೂ ಎಂಡೋಸಲ್ಫಾನಿಗೂ ಸಂಬಂಧವೇ ರುಜುವಾತಾಗಿಲ್ಲ ಎಂದು ವಾದಿಸುವ ವಿಜ್ಞಾನಿಗಳೂ ಇದ್ದಾರೆ. ಸುಳ್ಳು ಹೆಸರನ್ನು ನಾವೂ ಸಮರ್ಥಿಸುವುದಿಲ್ಲ. ಅದು ನಿಜವಾದ ರೋಗಿಯ ತಟ್ಟೆಯಿಂದ ಕದ್ದ ಅನ್ನ.

ಆದರೆ ಒಬ್ಬೊಬ್ಬ ರೋಗಿಯೂ ತನ್ನ ರೋಗ ಈ ವಿಷದಿಂದಲೇ ಬಂತೆಂದು ಸಾಧಿಸಬೇಕೆಂದರೆ ಅದು ಆಗುವ ಮಾತೇ? ಮೂವತ್ತು ವರ್ಷದ ಹಿಂದಿನ ನೀರು ಇಂದು ಯಾರ ಬಳಿ ಇದೆ? ಹೆಲಿಕಾಪ್ಟರಿನ ದಿನಚರಿ ಇರುವುದು ತೋಟದ ಕಚೇರಿಯಲ್ಲಿ, ರೋಗಿಯ ಗುಡಿಸಲಿನಲ್ಲಲ್ಲ. ಆ ವರ್ಷಗಳಲ್ಲಿ ಆ ಊರಿನಲ್ಲಿ ವಾಸವಾಗಿದ್ದರೆ, ಇಂಥ ರೋಗ ಇದ್ದರೆ, ಸಂಶಯದ ಲಾಭ ರೋಗಿಗೆ ಸಲ್ಲಬೇಕು. ಸಿಂಪಡಿಸಿದವನು ಸರ್ಕಾರದ್ದೇ ಸಂಸ್ಥೆ ಆಗಿರುವಾಗ ರುಜುವಾತಿನ ಹೊರೆಯನ್ನು ಹಾಸಿಗೆಯಲ್ಲಿ ಮಲಗಿದವನ ಮೇಲೆ ಹೊರಿಸುವುದು ನ್ಯಾಯವಲ್ಲ.

ಒಂದು ವೇಳೆ ಕಾರಣದ ಬಗ್ಗೆ ವಿವಾದ ಇದೆಯೆಂದೇ ಇಟ್ಟುಕೊಳ್ಳೋಣ. ವೈಕಲ್ಯದ ಬಗ್ಗೆ ವಿವಾದ ಇಲ್ಲವಲ್ಲ! 'ಯಾತರಿಂದ' ಎಂಬುದಕ್ಕೆ ಉತ್ತರ ಸಿಗದವನಿಗೆ 'ಎಷ್ಟು' ಎಂಬ ಪ್ರಮಾಣಪತ್ರವನ್ನಾದರೂ ಅದೇ ಶಿಬಿರದಲ್ಲಿ, ಅದೇ ವೈದ್ಯರು, ಅದೇ ದಿನ ಏಕೆ ಕೊಡಬಾರದು? ಇಷ್ಟು ವೈದ್ಯರ ಮುಂದೆ ಹಾದುಹೋದ ಒಬ್ಬ ಅಂಗವಿಕಲನನ್ನು ಬರಿಗೈಯಲ್ಲಿ ಮನೆಗೆ ಕಳುಹಿಸುವುದು ಯಾವ ಕಾನೂನಿನ ಅಗತ್ಯ?

ಗಡಿಯೂ ಭಾಷೆಯೂ

ವಿಷಕ್ಕೆ ಗಡಿಯಿಲ್ಲ. ಆಚೆ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆ ಕರ್ನಾಟಕದ ಗೇರು ಅಭಿವೃದ್ಧಿ ನಿಗಮದ ತೋಟಗಳಲ್ಲೂ ಇದನ್ನೇ ಸಿಂಪಡಿಸಲಾಯಿತು. ಅಲ್ಲಿ ವೈಕಲ್ಯದ ಶೇಕಡಾ ಪ್ರಮಾಣ ನೋಡಿ ಮಾಸಾಶನ ಕೊಡುವ ಕ್ರಮವಿದೆ. ಕೊಕ್ಕಡ ಮತ್ತು ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರಗಳಾದವು. ಅಲ್ಲಿಯೂ ಕೊರತೆಗಳಿವೆ. ಆದರೆ 'ಎಷ್ಟು' ಎಂಬ ಪ್ರಶ್ನೆಯಿಂದಲೂ ಕೆಲಸ ನಡೆಯುತ್ತದೆ ಎಂಬುದಕ್ಕೆ ಅದೊಂದು ಸಾಕ್ಷಿ.

ಭಾಷೆಯ ಕಷ್ಟವನ್ನೂ ಹೇಳಲೇಬೇಕು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯ ಮುದುಕರಿಗೆ ಕನ್ನಡ, ತುಳು, ಮರಾಠಿ, ಕೊಂಕಣಿ ಬರುತ್ತದೆ. ಮಲಯಾಳದ ನಮೂನೆ ಓದಲು ಬಾರದು. ರೋಗಿಯ ಇಪ್ಪತ್ತು ವರ್ಷದ ಚರಿತ್ರೆಯನ್ನು ಅಕ್ಷಯ ಕೇಂದ್ರದ ಹುಡುಗ ತನಗೆ ತಿಳಿದಂತೆ ಎರಡು ಸಾಲಿನಲ್ಲಿ ತುಂಬಿಸುತ್ತಾನೆ. ಆ ಎರಡು ಸಾಲಿನ ಮೇಲೆಯೇ ತೀರ್ಮಾನ. ಸಂವಿಧಾನದ 350ನೇ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ದೂರು ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಕನ್ನಡದಲ್ಲಿ ಬರೆದ ಅರ್ಜಿಯನ್ನು ಹಿಂದಿರುಗಿಸಿದರೆ ಆ ವಿಧಿಯ ಹೆಸರು ಹೇಳಿರಿ.

ತಾಯಿಯ ಬಳಿಕ ಯಾರು?

ಯೆರೂಸಲೇಮಿನ ಕೊಳದ ಬಳಿ ಮೂವತ್ತೆಂಟು ವರ್ಷ ಬಿದ್ದಿದ್ದ ರೋಗಿಯ ವೃತ್ತಾಂತ ನಮಗೆಲ್ಲ ಗೊತ್ತು. ಗುಣವಾಗುವ ನೀರು ಅಲ್ಲೇ ಇತ್ತು. ಅದಕ್ಕೆ ಇಳಿಸಲು ಒಬ್ಬ ಮನುಷ್ಯ ಇರಲಿಲ್ಲ. ಅವನಿಗಿಂತ ಮೊದಲು ಬೇರೆಯವರು ಇಳಿಯುತ್ತಿದ್ದರು. ನಮ್ಮ ಜಿಲ್ಲೆಯಲ್ಲಿಯೂ ಯೋಜನೆಗಳು ಇಲ್ಲವೆಂದಲ್ಲ. ಪೆರ್ಲದಂಥ ಊರುಗಳಲ್ಲಿ ಬಡ್ಸ್ ಶಾಲೆಗಳಿವೆ. ಮುಳಿಯಾರಿನಲ್ಲಿ ಪುನರ್ವಸತಿ ಗ್ರಾಮದ ಮಾತು ವರ್ಷಗಟ್ಟಲೆ ನಡೆದಿದೆ. ಎಂಬತ್ತು ದಾಟಿದ ದಯಾಬಾಯಿಯವರು 2022ರ ಅಕ್ಟೋಬರಿನಲ್ಲಿ ಸೆಕ್ರೆಟೇರಿಯಟ್ ಮುಂದೆ ಎರಡು ವಾರಕ್ಕೂ ಹೆಚ್ಚು ಉಪವಾಸ ಕೂತು ಕೇಳಿದ್ದರಲ್ಲಿ ಪಂಚಾಯತುಗಳಲ್ಲಿ ಹಗಲು ಪಾಲನಾ ಕೇಂದ್ರ ಬೇಕೆಂಬುದೂ ಒಂದು. ನೀರು ಇದೆ. ಇಳಿಸುವ ಮನುಷ್ಯ ಬೇಕು.

ತಾಯಿ ಸತ್ತರೆ ಮಗನ ಗತಿಯೇನು ಎಂಬ ಪ್ರಶ್ನೆಗೆ ಉತ್ತರ ಕಾಣದೆ ಕೈಚೆಲ್ಲಿದ ಮನೆಗಳ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಓದಿ ಅಯ್ಯೋ ಎಂದು ಮಡಚಿ ಇಟ್ಟರೆ ಸಾಲದು. ನಾವು ಕೇಳುವುದು ಇಷ್ಟು:

1. ಪೀಡಿತರ ಪಟ್ಟಿಯಿಂದ ಹೆಸರು ಬಿಟ್ಟರೆ, ಬಿಟ್ಟ ಕಾರಣವನ್ನು ಅವರವರ ಭಾಷೆಯಲ್ಲಿ ಬರಹದಲ್ಲಿ ಕೊಡಬೇಕು. ಮೇಲ್ಮನವಿಗೆ ಅವಕಾಶ ಇರಬೇಕು.

2. ಹುಟ್ಟಿದ ದಿನಾಂಕ ನೋಡಿ ಯಾರನ್ನೂ ತಳ್ಳಿಹಾಕಬಾರದು. ಪರೀಕ್ಷಿಸಿ ಹೇಳಬೇಕು.

3. ಹಾಸಿಗೆ ಹಿಡಿದ ವಯಸ್ಕರ ಬಳಿಗೆ ವೈದ್ಯಕೀಯ ಮಂಡಳಿಯೇ ಹೋಗಬೇಕು. ಒಂದೇ ಭೇಟಿಯಲ್ಲಿ ವೈಕಲ್ಯದ ಪ್ರಮಾಣಪತ್ರವೂ ಪೋಷಕತ್ವದ ವಿಚಾರಣೆಯೂ ಮುಗಿಯಬೇಕು.

4. ಪೋಷಕತ್ವ ಕೊಡುವಾಗ ಆ ವ್ಯಕ್ತಿಯನ್ನೂ ವಿಚಾರಿಸಬೇಕು. 2016ರ ಕಾನೂನು ಸಹ ಪೋಷಕನು ಅವನೊಡನೆ ಕೂಡಿ ತೀರ್ಮಾನಿಸಬೇಕು ಎನ್ನುತ್ತದೆ, ಅವನ ಬದಲಿಗೆ ಎನ್ನುವುದಿಲ್ಲ. ಮಾತು ಬಾರದವನಿಗೂ ಇಷ್ಟ, ಅನಿಷ್ಟ ಇದೆ.

5. ಪ್ರತಿ ಬಾಧಿತ ಪಂಚಾಯತಿನಲ್ಲಿ ವಯಸ್ಕರಿಗೆ ಹಗಲು ಪಾಲನೆ, ತಾಯ್ತಂದೆ ಇಲ್ಲದವರಿಗೆ ವಾಸದ ಏರ್ಪಾಡು ಇರಬೇಕು.

ಸರ್ಕಾರ ಮಾಡಬೇಕಾದದ್ದು ಇದು. ನಾವು ಮಾಡಬಹುದಾದದ್ದು ಇನ್ನೂ ಸುಲಭ. ಪ್ರತಿ ಘಟಕದವರೂ ತಮ್ಮ ವಾರ್ಡಿನಲ್ಲಿ ಇಂಥ ಮನೆ ಎಷ್ಟು ಎಂದು ಬರೆದಿಡಿರಿ. ಗೋಡೆಗೆ ತೂಗುಹಾಕಿದ ಆ ಚೀಲವನ್ನು ಇಳಿಸಿ, ಮೇಲೆ ಹೇಳಿದ ಮೂರು ಕಾಗದಗಳಲ್ಲಿ ಯಾವುದಿದೆ, ಯಾವುದಿಲ್ಲ ಎಂದು ನೋಡಿರಿ. ಹದಿನೆಂಟು ತುಂಬಲಿರುವವರಿದ್ದರೆ ಪೋಷಕತ್ವದ ಅರ್ಜಿಗೆ ಈಗಲೇ ಸಿದ್ಧತೆ ಮಾಡಿಸಿರಿ. ಮಂಡಳಿಗೆ ಹೋಗುವ ದಿನ ಮನೆಯವರ ಜತೆ ಒಬ್ಬರು ಹೋಗಿರಿ, ಸಾಧ್ಯವಿದ್ದರೆ ಜೀಪಿನ ಬಾಡಿಗೆಯನ್ನು ಹಂಚಿಕೊಳ್ಳಿರಿ. ಹೋದಾಗ ಮೊದಲು ಮಾತಾಡಿಸಬೇಕಾದದ್ದು ಹಾಸಿಗೆಯಲ್ಲಿರುವವರನ್ನು. 'ಪಾಪ, ಮಗು' ಎಂದು ಕರೆಯಬೇಡಿರಿ. ಅವರಿಗೊಂದು ಹೆಸರಿದೆ, ವಯಸ್ಸಿದೆ. 'ಅಣ್ಣ' ಎಂದೋ 'ಅಕ್ಕ' ಎಂದೋ ಕರೆಯಿರಿ.

ಪಟ್ಟಿಯಲ್ಲಿ ಹೆಸರು ಬರೆಯುವುದು ಭಿಕ್ಷೆಯಲ್ಲ, ಸಾಲ ಒಪ್ಪಿಕೊಳ್ಳುವ ಕ್ರಮ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮೇಲಿಂದ ವಿಷ ಸುರಿದವರು ಕೆಳಗಿದ್ದವರಿಗೆ ತೀರಿಸಬೇಕಾದ ಸಾಲ ಅದು. ಸಾಲ ಕೊಟ್ಟವನ ಹೆಸರನ್ನೇ ಪುಸ್ತಕದಿಂದ ಹೊಡೆದು ಹಾಕಿ ಲೆಕ್ಕ ತೀರಿತೆನ್ನುವವರನ್ನು ಕೂಲಿಕಾರರಾದ ನಾವು ಮೊದಲಿನಿಂದಲೂ ಬಲ್ಲೆವು. ಅದನ್ನು ಇಲ್ಲಿಯೂ ನಡೆಯಗೊಡಬಾರದು.